ಅಪ್‌ಡೇಟ್: ಅಪ್ಪನ ಸೈಕಲ್ ಗುಜರಿಗೆ ಹೋಗಲಿಲ್ಲ

ಹೋದ ತಿಂಗಳು ಕೇಳಿದ್ದೆ: ಕಲಬುರಗಿ ರಿಂಗ್ ರೋಡಿನಲ್ಲಿ ಆಟೊಗೆ ಗುದ್ದಿ ಅಪ್ಪನ ಹಳೇ ಸ್ಟೀಲ್ ಸೈಕಲ್ಲಿನ ಮುಂಭಾಗ ನುಜ್ಜಾಗಿದೆ, ರಿಪೇರಿ ಮಾಡಿಸಲೋ ಹೊಸದು ಕೊಳ್ಳಲೋ ಅಂತ. ಜಾಸ್ತಿ ಜನ ‘ಹೊಸದು ತಗೊಳ್ಳಿ’ ಅಂದಿರಿ. ಒಬ್ಬರು ಮಾತ್ರ ಮೊದಲು ಫ್ರೇಮ್ ನೋಡಿಸಿ ಅಂದರು. ಅವರ ಮಾತು ಕೇಳಿದೆ.

ಸೂಪರ್ ಮಾರ್ಕೆಟ್ ಹತ್ತಿರದ ಹಳೇ ಮೇಸ್ತ್ರಿ ಬರೀ ದಾರ ಹಿಡಿದು ಪರೀಕ್ಷೆ ಮಾಡಿದರು. ಹಿಂಚಕ್ರದ ಆಕ್ಸಲ್‌ನ ಒಂದು ಬದಿಯಿಂದ ಹ್ಯಾಂಡಲ್ ಕೆಳಗಿನ ಪೈಪ್ ಸುತ್ತಿ ಇನ್ನೊಂದು ಬದಿಗೆ ದಾರ ಬಿಗಿದರು. ಸೀಟಿನ ಪೈಪಿಗೂ ದಾರಕ್ಕೂ ಇರುವ ಅಂತರವನ್ನು ಎರಡೂ ಕಡೆ ಅಳೆದರು. ಸಮ ಇತ್ತು! ಆಮೇಲೆ ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಪೈಪಿನ ಅಡಿಯಲ್ಲಿ ಬೆರಳಾಡಿಸಿದರು. ಅಲ್ಲಿ ಬಣ್ಣ ಸುಕ್ಕಾಗಿದ್ದರೆ ಪೈಪ್ ಮಡಚಿದೆ ಅಂತ ಲೆಕ್ಕ. ಸುಕ್ಕಿರಲಿಲ್ಲ. “ಫ್ರೇಮ್ ಗಟ್ಟಿ ಅದರಿ, ಒಗಿಬ್ಯಾಡ್ರಿ” ಅಂದರು.

ಫೋರ್ಕ್ (ಮುಂಚಕ್ರ ಹಿಡಿದಿರುವ ಕವಲು) ಮಾತ್ರ ಹಿಂದಕ್ಕೆ ಬಾಗಿತ್ತು. ಬಡಿದು ನೆಟ್ಟಗೆ ಮಾಡಿ ಅಂದೆ, ಒಪ್ಪಲಿಲ್ಲ. ಓಡಿಸುವಾಗ ಮುರಿದರೆ ಹಲ್ಲು ನಮ್ಮದೇ ಅಲ್ವಾ! ಹೊಸ ಫೋರ್ಕ್, 28 ಇಂಚಿನ ರಿಮ್, ಕಡ್ಡಿಗಳು, ಕೂಲಿ ಎಲ್ಲ ಸೇರಿ 1,900 ರೂಪಾಯಿ. ಹೊಸ ಸೈಕಲ್ಲಿಗೆ 7,000 ಹೇಳಿದ್ದರು.

ಕಪ್ಪು ಫೋರ್ಕ್ ಹಸಿರು ಫ್ರೇಮಿಗೆ ಒಂಚೂರೂ ಹೊಂದಲ್ಲ. ಅಪ್ಪ ಸುಮ್ನೆ ಒಮ್ಮೆ ನೋಡಿ, ಬೆಲ್ ಬಾರಿಸಿ, ಹಾಲು ತರಲು ಹೊರಟರು.