ಫುಕಿರಾನ್ ಹೂ ಬಿಟ್ಟಿದೆ, ಘಮವೇ ಇಲ್ಲ!

ಪ್ರಶ್ನೆ: ಸರ್, ನಾವಿರೋದು ಜಪಾನಿನ ಯೊಕೊಹಾಮಾದಲ್ಲಿ. ಪಕ್ಕದ ಮನೆಯ ಅಜ್ಜಿ ಮಗನ ಮನೆಗೆ ಹೋಗುವಾಗ ಒಂದು ಪುಟ್ಟ ಆರ್ಕಿಡ್ ಕೊಟ್ಟು ಹೋದರು. ಫುಕಿರಾನ್ ಅಂತೆ, ಗೇಣುದ್ದವೂ ಇಲ್ಲ. ಈಗ ಜುಲೈನಲ್ಲಿ ಬಿಳಿ ಹೂ ಬಿಟ್ಟಿದೆ. ತುಂಬಾ ಘಮ ಅಂದಿದ್ದರು, ಮಧ್ಯಾಹ್ನ ಮೂಸಿದರೆ ಏನೂ ಇಲ್ಲ. ಕುಂಡದಲ್ಲಿ ಮಣ್ಣೂ ಇಲ್ಲ, ಬರೀ ಮಾಸ್ (ಒಣ ಪಾಚಿ) ಗುಡ್ಡೆ. ಮಣ್ಣಿಗೆ ಹಾಕಲಾ?

ಉತ್ತರ (ಆರ್ಕಿಡ್ ನರ್ಸರಿ): ಅಯ್ಯೋ, ಮಣ್ಣು ಮಾತ್ರ ಬೇಡ ಮೇಡಂ. ಕಾಡಿನಲ್ಲಿ ಇದು ಮರದ ಮೇಲೆ ಬೆಳೆಯುವ ಗಿಡ, ಬೇರಿಗೆ ಗಾಳಿ ಬೇಕು. ಆ ಗುಡ್ಡೆ ಒಳಗೆ ಟೊಳ್ಳಾಗಿರುತ್ತೆ, ಕುಂಡದ ತಳದ ದೊಡ್ಡ ತೂತಿನಿಂದ ಗಾಳಿ ಮೇಲೇರಲಿ ಅಂತ ಬೇಕಂತಲೇ ಹಾಗೆ ಕಟ್ಟಿರುತ್ತಾರೆ. ಮಾಸ್ ಒಣಗಿದ ಮೇಲೆ ಚೆನ್ನಾಗಿ ನೆನೆಸಿ, ಮತ್ತೆ ಒಣಗೋವರೆಗೂ ಮುಟ್ಟಬೇಡಿ. ಪ್ರೀತಿ ಜಾಸ್ತಿಯಾಗಿ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತೆ.

ಘಮಕ್ಕೆ ಕತ್ತಲಾಗಬೇಕು. ಹೂವಿನ ಹಿಂದೆ ಬಾಗಿದ ಉದ್ದನೆಯ ಕೊಳವೆ ಇದೆ ನೋಡಿ, ಮಕರಂದ ಅದರೊಳಗೆ. ಅಲ್ಲಿಗೆ ಮುಟ್ಟುವಷ್ಟು ಉದ್ದ ಸೊಂಡಿಲಿರೋದು ಸಂಜೆ, ರಾತ್ರಿ ಹಾರುವ ಪತಂಗಕ್ಕೆ, ಹಾಗಾಗಿ ಅದು ಬರುವ ಹೊತ್ತಿಗೇ ಘಮ.

ಪ್ರಶ್ನೆ: ಬಂತು ಸರ್! ಬಾಲ್ಕನಿ ಬಾಗಿಲು ತೆಗೆದರೆ ಸಾಕು, ಒಳಗೆಲ್ಲ ಘಮ. ಎಲೆ ಮೇಲೆ ಹಳದಿ ಗೆರೆಗಳಿವೆ, ರೋಗನಾ?

ಉತ್ತರ: ಎಲ್ಲ ಎಲೆಯಲ್ಲೂ ಉದ್ದಕ್ಕೆ ನೀಟಾಗಿದ್ದರೆ ರೋಗವಲ್ಲ, ಅದೇ ಅದರ ಬೆಲೆ. ಸಾದಾ ಹಸಿರು ಗಿಡಕ್ಕೆ ಫೂರಾನ್ ಅಂತಾರೆ, ಇಂಥ ವಿಶೇಷ ಇದ್ದರೆ ಫುಕಿರಾನ್. ಶೋಗನ್ ಎಂಬ ಸೇನಾಧಿಪತಿಗಳು ಜಪಾನ್ ಆಳುತ್ತಿದ್ದ ಎದೊ ಕಾಲದಲ್ಲಿ (1603–1868) ದೊಡ್ಡವರ ಮನೆಯ ಹುಚ್ಚಾಗಿತ್ತು ಇದು, 11ನೇ ಶೋಗನ್ ತೊಕುಗಾವ ಇಯೆನಾರಿಯೂ ಇದರ ಹಿಂದೆ ಬಿದ್ದಿದ್ದನಂತೆ. ಇವತ್ತಿಗೂ ಅಲ್ಲಿನ ಹವ್ಯಾಸಿಗಳು ಎಲೆಯ ಆಕಾರ, ಗೆರೆ, ಎಲೆ ಕಾಂಡಕ್ಕೆ ಸೇರುವ ಕಡೆ ಮೂಡುವ ಸಣ್ಣ ಗೀಟು, ಬೇರಿನ ತುದಿಯ ಬಣ್ಣ ಇವನ್ನೆಲ್ಲ ವರ್ಷವಿಡೀ ನೋಡುತ್ತಾರೆ. ಹೂವಿದ್ದರೆ ಲಾಭ ಅಷ್ಟೇ. ನನಗಂತೂ ಘಮವೇ ಮೊದಲು, ಬಿಡಿ. ಮಧ್ಯಾಹ್ನದ ಬಿಸಿಲು ತಪ್ಪಿಸಿ. ಚಳಿಗಾಲದಲ್ಲಿ ಹೀಟರ್ ಇಲ್ಲದ ತಣ್ಣನೆಯ ಕೋಣೆ, ತೀರಾ ಕಡಿಮೆ ನೀರು. ಎಲೆ ಸ್ವಲ್ಪ ಸುಕ್ಕಾದರೆ ಗಾಬರಿ ಬೇಡ.

ಇನ್ನೊಬ್ಬರ ಪ್ರಶ್ನೆ: ನಾನು ಬೆಂಗಳೂರು. ಅಕ್ಕ ಜಪಾನಿನಿಂದ ಬರ್ತಿದ್ದಾಳೆ, ಒಂದು ತರಿಸಲಾ?

ಉತ್ತರ: ಸೂಟ್‌ಕೇಸಲ್ಲಿ ಸುಮ್ನೆ ಹಾಕಿಕೊಂಡು ಬರೋ ಹಾಗಿಲ್ಲ. ಆರ್ಕಿಡ್‌ಗಳು ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದೊಳಗೆ ಬರುತ್ತವೆ, ಪರ್ಮಿಟ್ಟೂ ಬೇಕು, ಗಿಡಕ್ಕೆ ರೋಗವಿಲ್ಲ ಅನ್ನುವ ಸರ್ಟಿಫಿಕೇಟೂ ಬೇಕು. ನಮ್ಮ ಮಲೆನಾಡಿನ ಸೀತಾಳೆ ದಂಡೆಯೂ ಇದರ ಬಳಗದ್ದೇ. ಹಂಗಾಮಲ್ಲಿ ನರ್ಸರಿಯಲ್ಲೇ ಬೆಳೆಸಿದ ಗಿಡ ಸಿಕ್ಕಿದರೆ ತಗೊಳ್ಳಿ, ಕಾಡಿಂದ ಕಿತ್ತದ್ದು ಬೇಡ.