ಸಹಾಯ ಬೇಕು: ಒಂದೇ ಕಾಲು, ಎರಡು ಲೆಕ್ಕ

ನಮಸ್ಕಾರ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. 3 ಟೆಸ್ಲಾ ಎಂಆರ್‌ಐನಲ್ಲಿ ಮೀನಖಂಡದ ಫಾಸ್ಫೋಕ್ರಿಯಾಟಿನ್ (ಸ್ನಾಯು ತಕ್ಷಣದ ಶಕ್ತಿಗೆ ಬಳಸುವ ದಾಸ್ತಾನು) ಅಳೆಯುವ ಕೆಲಸ. ಒಳಗೆ ಮಲಗಿಸಿ ಪೆಡಲ್ ಒತ್ತಿಸುತ್ತೇವೆ. ನಿಲ್ಲಿಸಿದ ಮೇಲೆ ಅದು ಎಷ್ಟು ಬೇಗ ತುಂಬಿಕೊಳ್ಳುತ್ತದೋ, ಮೈಟೊಕಾಂಡ್ರಿಯ ಅಷ್ಟು ಚುರುಕು ಅಂತ ಲೆಕ್ಕ.

ಮೊನ್ನೆ ಒಬ್ಬರಿಗೆ ಈ ಚೇತರಿಕೆಯ ಕಾಲ 34 ಸೆಕೆಂಡ್ ಬಂತು. ಅದೇ ವ್ಯಕ್ತಿಗೆ ನಿನ್ನೆ ರಾತ್ರಿ 58! (ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಂದವರು, ಸಿಟ್ಟಿಗೆ ಜೋರಾಗಿ ತುಳಿದರೋ ಏನೋ.) ಕಾಯಿಲ್ (ಸಿಗ್ನಲ್ ಹಿಡಿಯುವ ಸುರುಳಿ) ಸರಿಸಿ ನೋಡಿದೆ, ಮತ್ತೆ ಶಿಮ್ ಮಾಡಿದೆ (ಕಾಂತಕ್ಷೇತ್ರ ಸಮ ಮಾಡುವುದು), ಡೇಟಾಗೆ ಕರ್ವ್ ಫಿಟ್ಟಿಂಗ್ ಎರಡು ಸಲ ಮಾಡಿದೆ. ಏನೂ ಬದಲಾಗಲಿಲ್ಲ. ಆಮೇಲೆ ಕಣ್ಣಿಗೆ ಬಿತ್ತು: ನಿನ್ನೆಯ ಸ್ಪೆಕ್ಟ್ರಮ್‌ನಲ್ಲಿ ಅಜೈವಿಕ ಫಾಸ್ಫೇಟ್‌ನ ಗೆರೆ ಫಾಸ್ಫೋಕ್ರಿಯಾಟಿನ್ ಗೆರೆಯ ಕಡೆಗೆ ಜರುಗಿದೆ, ಅಂದರೆ ಸ್ನಾಯುವಿನ ಪಿಎಚ್ 6.7ಕ್ಕೆ ಇಳಿದಿದೆ. ಸ್ನಾಯು ಹುಳಿಯಾದರೆ ಚೇತರಿಕೆ ನಿಧಾನ ಅಲ್ವಾ?

ಈ ಡೇಟಾವನ್ನು ಪಿಎಚ್ ನೋಡಿಕೊಂಡು ಸರಿಪಡಿಸಬಹುದಾ, ಇಲ್ಲ ಬಿಟ್ಟು ಕಡಿಮೆ ಭಾರದಲ್ಲಿ ಮತ್ತೆ ಸ್ಕ್ಯಾನ್ ಮಾಡಲೇಬೇಕಾ? ಮಾಡಿದವರು ಹೇಳಿ.