ದೇಶಿ ಬುದ್ಧಿಬಲ ಕಲಿತ ಸುಲ್ತಾನ್ ಖಾನ್ ಕಾಪಾಬ್ಲಾಂಕಾರನ್ನು ಸೋಲಿಸಿದ್ದು ನಿಜವೇ?

ಪ್ರಶ್ನೆ: ಸಪ್ತಾಪುರದ ನಿವೃತ್ತ ಮಾಸ್ತರ, ಧಾರವಾಡ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಚೆಸ್ ಕ್ಲಾಸಿಗೆ ಹೋಗುವ ಮೊಮ್ಮಗ ರಜೆಗೆ ಬಂದಾಗಲೆಲ್ಲ ನಮ್ಮಿಬ್ಬರಿಗೂ ನಿಯಮದ ಜಗಳವಾಗುತ್ತದೆ. ನಾನು ಸೋದರಮಾವನಿಂದ ಕಲಿತದ್ದು ಹಳೆಯ ಬುದ್ಧಿಬಲ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯಬೇಕು. ಕೋಟೆ ಕಟ್ಟುವುದಿಲ್ಲ (ಕ್ಯಾಸಲಿಂಗ್ ಇಲ್ಲ), ಬದಲಿಗೆ ಇನ್ನೂ ಶಹ ಬೀಳದ ರಾಜ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಇಂಥ ಆಟದಲ್ಲಿಯೇ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ವಿಲಾಯತಿಗೆ ಹೋಗಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಮಣಿಸಿದರೆಂದರೆ ಅವನು ನಂಬುವುದಿಲ್ಲ. ಅದು ನಿಜವಾದರೆ, ಅಂಥ ಆಟಗಾರರು ಐದೇ ವರ್ಷದಲ್ಲಿ ಮರೆಯಾದದ್ದೇಕೆ?

ಉತ್ತರ: ಗದಗಿನ ಕಾಲಾಳು

ನಿಜ, ಮಾಸ್ತರರೇ. ಆದರೆ ಮೊಮ್ಮಗನ ಸಂದೇಹದಲ್ಲಿಯೂ ಹುರುಳಿದೆ, ಏಕೆಂದರೆ ಸುಲ್ತಾನ್ ಖಾನ್ ದೇಶಿ ನಿಯಮವೊಂದನ್ನೇ ನಂಬಿ ಗೆದ್ದವರಲ್ಲ. ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವರು ಪಾಶ್ಚಾತ್ಯ ನಿಯಮಗಳನ್ನು ಕಲಿಸಿಸಿ 1929ರಲ್ಲಿ ಲಂಡನ್ನಿಗೆ ಕರೆದೊಯ್ದಾಗ, ಆರಂಭದ ನಡೆಗಳ ಅಭ್ಯಾಸವಿಲ್ಲದ ಕಾರಣ ಮೊದಲ ಪಂದ್ಯಾವಳಿಯಲ್ಲಿ ಅವರು ಚೆನ್ನಾಗಿ ಆಡಲಿಲ್ಲ. ವಿಂಟರ್ ಮತ್ತು ಯೇಟ್ಸ್ ಎಂಬ ಇಂಗ್ಲಿಷ್ ಆಟಗಾರರು ಅವರನ್ನು ಕೂರಿಸಿ ತಿದ್ದಿದರು. ಅದೇ ವರ್ಷ ರ‍್ಯಾಮ್ಸ್‌ಗೇಟಿನಲ್ಲಿ ಅವರು ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು.

ಕಾಪಾಬ್ಲಾಂಕಾ ಸೋತದ್ದು 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ. ಬಿಳಿ ಕಾಯಿಗಳಲ್ಲಿ ಆಡಿದ ಸುಲ್ತಾನ್ ಖಾನ್ ಐದನೆಯ ನಡೆಯಲ್ಲಿ ಮಂತ್ರಿಯ ಕಡೆಯ ಆನೆಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸುತ್ತಾರೆ. ನಮ್ಮ ಕಟ್ಟೆಯ ಮೇಲೆ ಯಾರೂ ತಿರುಗಿ ನೋಡದ ಆ ನಡೆಯ ಪದ್ಧತಿಗೆ ಮುಂದೆ ವಿಶ್ವ ಚಾಂಪಿಯನ್ ಆದ ಪೆಟ್ರೋಸಿಯನ್ ಅವರ ಹೆಸರು ಬಿದ್ದಿದೆ. ನನ್ನ ತಿಳಿವಳಿಕೆಯಂತೆ ದೇಶಿ ಆಟ ಅವರಿಗೆ ಕೊಟ್ಟದ್ದು ತಾಳ್ಮೆಯನ್ನು: ಕಾಲಾಳುಗಳು ನಿಧಾನವಾಗಿ ಸಾಗುವಲ್ಲಿ ಆಟದ ನಡುಭಾಗ ದೀರ್ಘವಾಗುತ್ತದೆ, ಆರಂಭದ ಬಾಯಿಪಾಠಕ್ಕೆ ಬೆಲೆಯಿರುವುದಿಲ್ಲ. ಅವರ ಬಲವೂ ದೌರ್ಬಲ್ಯವೂ ಇಲ್ಲಿಂದಲೇ ಬಂದವು. 1931ರಲ್ಲಿ ಯುರೋಪಿನ ಪ್ರಬಲ ಆಟಗಾರ ಟಾರ್ಟಕೋವರ್ ಅವರನ್ನು 6½–5½ ಅಂತರದಿಂದ ಸೋಲಿಸಿದ್ದನ್ನೂ, ಅದೇ ವರ್ಷದ ಪ್ರಾಗ್ ಒಲಿಂಪಿಯಾಡಿನಲ್ಲಿ (ದೇಶಗಳ ತಂಡಗಳ ಸ್ಪರ್ಧೆ) ಅಂಥವರೇ ಆದ ಫ್ಲೋರ್ ಮತ್ತು ರೂಬಿನ್‌ಸ್ಟೈನ್ ಅವರನ್ನು ಕೆಡವಿ ಆಗಿನ ವಿಶ್ವ ಚಾಂಪಿಯನ್ ಅಲೆಖೈನ್ ಅವರೊಡನೆ ಡ್ರಾ ಮಾಡಿಕೊಂಡದ್ದನ್ನೂ ನೋಡಿದರೆ ಹೇಸ್ಟಿಂಗ್ಸ್ ಗೆಲುವು ಅದೃಷ್ಟದ್ದಲ್ಲವೆಂಬುದು ಮೊಮ್ಮಗನಿಗೂ ಒಪ್ಪಿಗೆಯಾದೀತು.

ಉತ್ತರ: ಹಾವೇರಿಯ ಓದುಗ

ಮರೆಯಾದದ್ದೇಕೆ ಎಂಬುದಕ್ಕೆ ಉತ್ತರ ಹಲಗೆಯ ಹೊರಗಿದೆ. ಅವರ ಪಯಣ, ವಸತಿ, ಪಂದ್ಯ ಎಲ್ಲವೂ ಸರ್ ಉಮರ್ ಅವರ ಆಶ್ರಯವನ್ನು ಅವಲಂಬಿಸಿದ್ದವು. 1933ರ ಕೊನೆಯಲ್ಲಿ ಆಶ್ರಯದಾತರು ಮರಳಿದಾಗ ಇವರೂ ಮರಳಿದರು. (ಅದೇ ಮನೆಯ ಫಾತಿಮಾ ಎಂಬ ತರುಣಿ ಅದೇ ವರ್ಷ ಬ್ರಿಟಿಷ್ ಮಹಿಳಾ ಚಾಂಪಿಯನ್ ಆಗಿದ್ದರು, ಅವರ ಮಾತನ್ನು ಯಾರೂ ಎತ್ತುವುದೇ ಇಲ್ಲ.) 1935ರಲ್ಲಿ ಭಾರತದ ಆಟಗಾರ ಖಾಡಿಲ್ಕರ್ ಅವರೊಡನೆ ಹತ್ತು ಆಟಗಳನ್ನಾಡಿ ಒಂಬತ್ತನ್ನು ಗೆದ್ದು ಒಂದನ್ನು ಡ್ರಾ ಮಾಡಿಕೊಂಡ ಬಳಿಕ ಅವರು ದೊಡ್ಡ ಸ್ಪರ್ಧೆಗಳಿಂದ ದೂರವೇ ಉಳಿದರು. ಅವರು ಮನೆಯಾಳಾಗಿದ್ದರೆಂದು ಪತ್ರಿಕೆಗಳು ಬರೆದದ್ದನ್ನು ಕುಟುಂಬದವರು ಒಪ್ಪುವುದಿಲ್ಲವಾದ್ದರಿಂದ ಆ ಕಥೆಯನ್ನು ಮೊಮ್ಮಗನಿಗೆ ಹೇಳದಿರುವುದೇ ಲೇಸು.

1950ರಲ್ಲಿ ವಿಶ್ವ ಚೆಸ್ ಸಂಸ್ಥೆಯಾದ ಫಿಡೆ ಮೊದಲ ಬಾರಿಗೆ 27 ಜನರಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಾಗ ಇವರಿಂದ ಸೋತ ಟಾರ್ಟಕೋವರ್, ರೂಬಿನ್‌ಸ್ಟೈನ್ ಇಬ್ಬರೂ ಆ ಪಟ್ಟಿಯಲ್ಲಿದ್ದರು, ಇವರಿರಲಿಲ್ಲ. 1966ರಲ್ಲಿ ಪಾಕಿಸ್ತಾನದ ಸರ್ಗೋಧಾದಲ್ಲಿ ತೀರಿಕೊಂಡ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಬಂದದ್ದು 2024ರಲ್ಲಿ. ಆಶ್ರಯದ ಪ್ರಶ್ನೆ ಇಂದಿಗೂ ಮುಗಿದಿಲ್ಲ, ರೂಪ ಬದಲಾಗಿದೆ ಅಷ್ಟೇ: 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ತೇಜಕುಮಾರ್ ಅವರು ನಮ್ಮ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆಯ ನೌಕರರು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ನಮಸ್ಕಾರ. ಆಟವನ್ನು ಹಲಗೆಯ ಮೇಲೆ ಹಾಕಿ ನೋಡಿದೆವು. ಐದನೆಯ ನಡೆಗೆ ಮೊಮ್ಮಗ ಸುಮ್ಮನಾದ. ಆದರೆ ರಾಜನ ಕುದುರೆ ಜಿಗಿತವನ್ನು ಮಾತ್ರ ಇನ್ನೂ ಒಪ್ಪಿಲ್ಲ.